ನನ್ನ ತೆಲುಗು, ಅಣ್ಣನ ಹಲ್ಲು

ಹೇಳಬೇಕಾಗಿದ್ದ ಒಂದು ಮಾತನ್ನು ನಾನು ಸಮಯಕ್ಕೆ ಹೇಳಲಿಲ್ಲ. ಅಂಥ ದೊಡ್ಡ ಮಾತೇನೂ ಅಲ್ಲ, ಒಂದು ಉಸಿರಿನಲ್ಲಿ ಮುಗಿಯುವಂಥದ್ದು. ಅದನ್ನು ನುಂಗಿಕೊಂಡೇ ನಾನು ಮದುವೆಯ ವಯಸ್ಸಿಗೆ ಬಂದುಬಿಟ್ಟೆ. ಅಷ್ಟರಲ್ಲಿ ನನ್ನ ಅಣ್ಣನ ಬಾಯಲ್ಲಿ ಬಲಗಡೆ ಒಂದು ಕಿಂಡಿ, ಎಡಗಡೆ ಒಂದು ಬೆಳ್ಳಿಯ ತೇಪೆ, ನಮ್ಮೂರಿನಲ್ಲಿ ಹಲ್ಲಿನ ಹುಳದ ಬಗ್ಗೆ ಒಂದು ಹೊಸ ಶಾಸ್ತ್ರ, ಇಷ್ಟೂ ಹುಟ್ಟಿಕೊಂಡಿದ್ದವು. ಮೂರಕ್ಕೂ ನಾನೇ ಕಾರಣ.

ಇವತ್ತು ಇದು ನೆನಪಾದದ್ದು ಒಂದು ಲವಂಗದಿಂದ. ಸೊಸೆ ಮಾಡಿದ ಪಲಾವಿನಲ್ಲಿ ಅದು ನನ್ನ ಹಲ್ಲಿಗೆ ಸಿಕ್ಕಿತು. ಬೇರೆಯವರಿಗೆ ಲವಂಗ ಎಂದರೆ ಮದುವೆ ಮನೆ ಊಟದ ವಾಸನೆ ಇರಬಹುದು. ನನಗೆ ಅದು ಹೊಸೂರಿನ ಹಲ್ಲಿನ ಡಾಕ್ಟರ ಕೋಣೆಯ ವಾಸನೆ. ತಟ್ಟೆಯ ಮುಂದೆ ಕೂತಲ್ಲೇ ಅಣ್ಣನ ಮುಖ ಬಂತು, ಅದರ ಹಿಂದೆಯೇ ಆ ಮಾತೂ ಬಂತು. ಇನ್ನೊಂದು ಅಭ್ಯಾಸವೂ ನನಗೆ ಆ ಕಾಲದಿಂದಲೇ ಅಂಟಿಕೊಂಡಿದೆ. ಯಾರಾದರೂ "ಬಲಕ್ಕೆ ತಿರುಗಿ" ಎಂದರೆ ನಾನು ಮೊದಲು ಊಟ ಮಾಡುವ ಕೈಯನ್ನು ಎತ್ತಿ ನೋಡಿಕೊಂಡು ಆಮೇಲೆ ತಿರುಗುತ್ತೇನೆ. ಮೊಮ್ಮಕ್ಕಳು ನಗುತ್ತವೆ. ನಗಲಿ.

ನಾನು ಹೆಚ್ಚು ಓದಿದವಳಲ್ಲ. ಮೂರನೇ ಕ್ಲಾಸಿನಲ್ಲಿ ಸ್ಲೇಟು ಒಡೆಯಿತು, ಓದೂ ನಿಂತಿತು. ಬರವಣಿಗೆಯಲ್ಲಿ ಎಲ್ಲಾದರೂ ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ.

ನಮ್ಮದು ಸಾನಮಾವು ಕಾಡಿನ ಅಂಚಿನ ಸಣ್ಣ ಹಳ್ಳಿ. ರಾಗಿ, ಹುರುಳಿ, ಅವರೆ, ಒಂದಿಷ್ಟು ತರಕಾರಿ. ಆನೆ ಬಿಟ್ಟದ್ದು ನಮಗೆ, ನಾವು ಬಿಟ್ಟದ್ದು ಹೊಸೂರಿನ ಸಂತೆಗೆ. ಊಟ ಮುದ್ದೆ. ಮುದ್ದೆಯನ್ನು ಯಾರೂ ಅಗಿಯುವುದಿಲ್ಲ, ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗುವುದು. ಹಾಗಾಗಿ ನಮ್ಮ ಕಡೆ ಹಲ್ಲಿಗೆ ಅಂಥ ಕೆಲಸವೇನೂ ಇರಲಿಲ್ಲ. ಅಜ್ಜಿಯ ಬಾಯಲ್ಲಿ ಎಣಿಸಿದರೆ ನಾಲ್ಕು ಹಲ್ಲೂ ಇರಲಿಲ್ಲ, ಆದರೂ ಅವಳು ಅಪ್ಪನಿಗಿಂತ ಒಂದು ತುತ್ತು ಹೆಚ್ಚೇ ಉಣ್ಣುತ್ತಿದ್ದಳು.

ಕೆಲಸವಿಲ್ಲದ ಹಲ್ಲಿಗೆ ನಾವೇ ಕೆಲಸ ಹುಡುಕಿ ಕೊಡುತ್ತಿದ್ದೆವು. ಹುಣಸೆ ಬೀಜವನ್ನು ಕೆಂಡದಲ್ಲಿ ಹುರಿದು, ಸಿಪ್ಪೆ ಬಿಡಿಸಿ, ಕಟಕಟನೆ ಕಡಿಯುವುದು. ಅದು ಬಾಯಲ್ಲಿ ಕಲ್ಲಿನಂತಿರುತ್ತದೆ, ಹೊತ್ತು ಕಳೆದಂತೆ ರುಚಿ ಬಿಡುತ್ತದೆ. ನನ್ನ ಅಣ್ಣ ತಿಮ್ಮರಾಯ ಇದರಲ್ಲಿ ಊರಿಗೆಲ್ಲ ಗಟ್ಟಿಗ. ನನಗಿಂತ ಎಂಟು ವರ್ಷಕ್ಕೆ ದೊಡ್ಡವನು. ಅಂಗಿಯ ಜೇಬಿನಲ್ಲಿ ಒಂದು ಕಡೆ ಹುಣಸೆ ಬೀಜ, ಇನ್ನೊಂದು ಕಡೆ ಬೆಲ್ಲ. ನೊಗದ ಹಗ್ಗದ ಗಂಟನ್ನೂ ಹಲ್ಲಿನಲ್ಲೇ ಬಿಚ್ಚುತ್ತಿದ್ದ. "ನನ್ ಹಲ್ಲು ಕಬ್ಬಿಣ ಕಣಮ್ಮಿ" ಎನ್ನುತ್ತಿದ್ದ. ಬೆಳಿಗ್ಗೆ ಇದ್ದಿಲ ಪುಡಿಯಲ್ಲಿ ಉಜ್ಜಿ, ಕರಿ ಬಾಯಿಯಲ್ಲೇ ನನ್ನನ್ನು ಹೆದರಿಸಿ, ಆಮೇಲೆ ಮುಕ್ಕಳಿಸುತ್ತಿದ್ದ.

ಆ ಕಬ್ಬಿಣಕ್ಕೆ ತುಕ್ಕು ಹಿಡಿದದ್ದು ಯುದ್ಧ ಮುಗಿದ ಮರುವರ್ಷ ಇರಬೇಕು. ಎಡ ದವಡೆಯಲ್ಲಿ ನೋವು. ಮೊದಮೊದಲು ತಣ್ಣೀರು ಕುಡಿದಾಗ ಮಾತ್ರ, ಆಮೇಲೆ ಬಿಸಿಗೂ, ಆಮೇಲೆ ಸುಮ್ಮನೆ ಕೂತರೂ. ಅಮ್ಮ ಉಪ್ಪುನೀರು ಕೊಟ್ಟಳು. ಲವಂಗ ಜಜ್ಜಿ ಇಟ್ಟಳು. ಇಂಗು ಇಟ್ಟಾಗ ಮನೆಯವರೆಲ್ಲ ಅವನಿಂದ ದೂರ ಕೂತು ಉಂಡೆವು. ಅಜ್ಜಿಯ ಚಿಕಿತ್ಸೆಯೇ ಬೇರೆ. ಅವಳ ಲೆಕ್ಕದಲ್ಲಿ ಹಲ್ಲುನೋವು ಎಂದರೆ ಹುಳ. ಹುಳಕ್ಕೆ ಎರಡು ಮದ್ದು. ನೆಲಗುಳ್ಳದ ಬೀಜವನ್ನು ಕೆಂಡದ ಮೇಲೆ ಹಾಕಿ, ಒಡೆದ ಮಡಕೆಯ ಕಂಠದಿಂದ ಆ ಹೊಗೆಯನ್ನು ಬಾಯೊಳಗೆ ಬಿಡುವುದು ಒಂದು. ಯಾವುದೋ ಸೊಪ್ಪಿನ ರಸವನ್ನು ಕಿವಿಗೆ ಬಿಡುವುದು ಇನ್ನೊಂದು. ಅದರಲ್ಲೂ ಒಂದು ನಿಯಮ ಉಂಟು, ಇದನ್ನು ನೀವು ನೆನಪಿನಲ್ಲಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ. ನೋವು ಎಡಗಡೆ ಇದ್ದರೆ ರಸವನ್ನು ಬಲಗಿವಿಗೆ ಬಿಡಬೇಕು.

"ಅದ್ಯಾಕಜ್ಜಿ ಆ ಕಡೀಕೆ?" ಎಂದು ನಾನು ಕೇಳಿದೆ.

"ನೋವಿರೋ ಕಡೆಯಿಂದ ಹೋದ್ರೆ ಹುಳ ಎಚ್ಚರ ಆಗ್ತದೆ ಕಣೇ. ಹಿಂದ್ಲಿಂದ ಹೋಗಿ ಹಿಡೀಬೇಕು" ಎಂದಳು ಅಜ್ಜಿ.

ಅಣ್ಣ ಅಳುತ್ತಲೇ ನಕ್ಕ. ಹೊಗೆ, ರಸ, ಇಂಗು ಯಾವುದಕ್ಕೂ ನೋವು ಜಗ್ಗಲಿಲ್ಲ.

ಆಗ ಹೊಸೂರಿಗೆ ಒಬ್ಬ ಹಲ್ಲಿನ ಡಾಕ್ಟರು ಹೊಸದಾಗಿ ಬಂದಿದ್ದರು. ನೆಲ್ಲೂರಿನ ಕಡೆಯವರಂತೆ. ಮಿಲಿಟರಿಯಲ್ಲಿ ಸಿಪಾಯಿಗಳ ಹಲ್ಲು ಕಿತ್ತು ಕಿತ್ತು ಕೈ ಪಳಗಿದವರು. ಸಂತೆಯ ಹತ್ತಿರ ಒಂದು ಕೋಣೆ ಹಿಡಿದಿದ್ದರು. ಅವರಿಗೆ ತೆಲುಗು ಬರುತ್ತಿತ್ತು, ಇಂಗ್ಲಿಷು ಬರುತ್ತಿತ್ತು, ಮಿಲಿಟರಿಯ ಹಿಂದಿ ಬರುತ್ತಿತ್ತು. ಕನ್ನಡ, ತಮಿಳು ಇನ್ನೂ ಬಂದಿರಲಿಲ್ಲ. ಹೊಸೂರಿನವರಿಗೆ ಅದೇನೂ ತೊಂದರೆಯಲ್ಲ, ಅಲ್ಲಿ ಒಬ್ಬನೇ ಮನುಷ್ಯ ಬದನೆಕಾಯಿಗೆ ಒಂದು ಭಾಷೆ, ಬೈಗುಳಕ್ಕೆ ಒಂದು ಭಾಷೆ ಇಟ್ಟುಕೊಂಡಿರುತ್ತಾನೆ. ನಮ್ಮದು ಮಾತ್ರ ಪೂರಾ ಕನ್ನಡದ ಹಳ್ಳಿ. ಅಣ್ಣನಿಗೆ ತಮಿಳು ಸಂತೆಗೆ ಸಾಕಾಗುವಷ್ಟಿತ್ತು, ತೆಲುಗು ಜಗಳಕ್ಕೆ ಸಾಕಾಗುವಷ್ಟು. ಬೈಗುಳದಲ್ಲಿ ಹಲ್ಲುನೋವು ಹೇಳಿಕೊಳ್ಳುವುದು ಹೇಗೆ?

ಇಲ್ಲಿಗೆ ನಾನು ಬರುತ್ತೇನೆ. ನನಗೆ ತೆಲುಗು ಬರುತ್ತದೆ ಎಂದು ಊರಿಗೆಲ್ಲ ಗೊತ್ತಿತ್ತು. ಊರಿಗೆ ಹೇಳಿದವಳು ನಾನೇ. ವರ್ಷಕ್ಕೆ ಕೆಲವು ಸಲ ನಮ್ಮ ಕೇರಿಗೆ ಬರುತ್ತಿದ್ದ ಬಳೆ ಶೆಟ್ಟರು ತೆಲುಗಿನವರು. ಅವರ ಹಿಂದೆ ಮನೆಮನೆಗೆ ತಿರುಗಿ ನಾನು ರಾ, ಪೋ, ಏಮಿ, ಎಂತ, ಚಾಲಾ, ಬಾಗುಂದಿ ಎಂಬಷ್ಟನ್ನು ಹೆಕ್ಕಿಕೊಂಡಿದ್ದೆ. 'ಚಾಲಾ' ಎಂದರೆ ಬಹಳ. ಅದು ನನಗೆ ಚಾಲಾ ಇಷ್ಟವಾದ ಮಾತು. ಯಾವ ಮಾತಿನ ಹಿಂದೆ ಸೇರಿಸಿದರೂ ತೆಲುಗಿನಂತೆ ಕೇಳುತ್ತಿತ್ತು. ಹನ್ನೆರಡು ವರ್ಷದ ಹುಡುಗಿ ಲಂಗ ಎತ್ತಿಕೊಂಡು "ಚಾಲಾ ಬಾಗುಂದಿ", ಬಹಳ ಚೆನ್ನಾಗಿದೆ, ಎಂದರೆ ಕೇರಿಯ ಹೆಂಗಸರು ಬಾಯಿ ಬಿಟ್ಟು ನೋಡುತ್ತಿದ್ದರು. ಅದಕ್ಕಿಂತ ಹೆಚ್ಚಿನ ತೆಲುಗು ಯಾರಿಗೆ ಬೇಕು?

"ರತ್ನಿನ ಕರ್ಕೊಂಡೋಗು. ಅವ್ಳು ಮಾತಾಡ್ತಾಳೆ" ಎಂದರು ಅಪ್ಪ. ನಾನು ನೆಲದಿಂದ ಒಂದು ಗೇಣು ಮೇಲೆ ನಡೆದೆ.

ಹೊರಡುವಾಗ ಅಮ್ಮ ಅಣ್ಣನಿಗೆ ದೊಡ್ಡ ಚೊಂಬಿನ ತುಂಬ ರಾಗಿ ಅಂಬಲಿ ಕುಡಿಸಿದಳು. ನನ್ನನ್ನು ಕರೆದು ಹೇಳಿದಳು: "ಖಾಲಿ ಹೊಟ್ಟೇಲಿ ಹಲ್ಲು ಕೀಳಿಸ್ಬಾರ್ದಂತೆ, ತಲೆ ತಿರುಗಿ ಬಿದ್ಬಿಡ್ತಾರಂತೆ. ಡಾಕ್ಟ್ರು ಕೇಳಿದ್ರೆ ಮರೀದೆ ಹೇಳು, ಅಂಬ್ಲಿ ಕುಡ್ದೇ ಬಂದವ್ನೆ ಅಂತ."

ದಾರಿಯುದ್ದಕ್ಕೂ ನಾನು ಗಾಡಿಯಲ್ಲಿ ಕೂತು ಅದನ್ನೇ ಮನಸ್ಸಿನಲ್ಲಿ ಉರು ಹೊಡೆದೆ. ಡಾಕ್ಟರು ಏನು ಕೇಳಿದರೂ ಸರಿ, ಅಂಬಲಿಯ ವಿಷಯ ಬಿಡಬಾರದು.

ಕೋಣೆಯಲ್ಲಿ ತಲೆ ಒರಗಿಸಿಕೊಳ್ಳುವಂಥ ಒಂದು ಕುರ್ಚಿ. ಪಕ್ಕದಲ್ಲಿ ಹೊಲಿಗೆ ಮಿಷನ್ನಿನಂತೆ ಕಾಲಿನಲ್ಲಿ ತುಳಿಯುವ ಒಂದು ಯಂತ್ರ. ಅದರ ಮೇಲಿಂದ ಒಂದು ದಾರ ಹೋಗಿ ಸಣ್ಣ ಬೈರಿಗೆಯ ತುದಿಯನ್ನು ಗಿರ್ರೆಂದು ತಿರುಗಿಸುತ್ತಿತ್ತು. ಅದು ಹಲ್ಲು ಕೊರೆದು ಬೆಳ್ಳಿ ತುಂಬಲಿಕ್ಕಂತೆ. ಗಾಜಿನ ಬೀರುವಿನಲ್ಲಿ ಇಕ್ಕಳಗಳ ಸಾಲು. ಎಲ್ಲದರ ಮೇಲೂ ಲವಂಗದೆಣ್ಣೆಯ ವಾಸನೆ. ಅಣ್ಣ ಕುರ್ಚಿಯ ಮೇಲೆ ಕೂತು, ದೇವರ ಮುಂದೆ ಕೂತವನಂತೆ ಕಣ್ಣು ಮುಚ್ಚಿದ.

ಡಾಕ್ಟರು ಒಳ್ಳೆಯವರು. ನನ್ನನ್ನು ನೋಡಿ ನಕ್ಕು "ರಾ ತಲ್ಲೀ" ಎಂದರು. ಬಾ ತಾಯಿ ಎಂದು. ಇದು ನನಗೆ ಅರ್ಥವಾಯಿತು, ಧೈರ್ಯ ಬಂತು. ಅವರು ಅಣ್ಣನ ಬಾಯೊಳಗೆ ಕನ್ನಡಿ ಇಟ್ಟು ನೋಡಿದರು. ಎಡಗಡೆ ಬಾವೇನೂ ಇರಲಿಲ್ಲ. ನೋಯುತ್ತಿದ್ದ ಹಲ್ಲು ಎರಡು ಹಲ್ಲುಗಳ ಸಂದಿಯಲ್ಲಿ ಒಳಗೊಳಗೇ ಹುಳುಕಾಗಿತ್ತು, ಹೊರಗಿನಿಂದ ಬೆಳ್ಳಗೇ ಇತ್ತು. ಬಲಗಡೆಯಲ್ಲಿ ಮಾತ್ರ ಒಂದು ದವಡೆ ಹಲ್ಲಿಗೆ ಕಪ್ಪು ಗುಳಿ ಬಿದ್ದಿತ್ತು. ಅದು ಯಾರಿಗೂ ಏನೂ ತೊಂದರೆ ಕೊಡದ ಪಾಪದ ಹಲ್ಲು. ಡಾಕ್ಟರು ಅದನ್ನು ಸಣ್ಣ ಕಡ್ಡಿಯಿಂದ ತಟ್ಟಿ, ನನ್ನ ಕಡೆ ತಿರುಗಿ ಕೇಳಿದರು:

"ನೊಪ್ಪಿ ಕುಡಿ ಪಕ್ಕನಾ?"

ಕುಡಿ! ಕಾಯುತ್ತಿದ್ದ ಮಾತು ಬಂದೇಬಿಟ್ಟಿತು. ಅಂಬಲಿಯ ಪ್ರಶ್ನೆ!

"ಕುಡಿ, ಕುಡಿ" ಎಂದೆ ನಾನು. ಇಷ್ಟೇ ಸಾಲದು ಎನಿಸಿ, ಚೊಂಬಿನ ಗಾತ್ರವೂ ತಿಳಿಯಲಿ ಎಂದು ಸೇರಿಸಿದೆ, "ಚಾಲಾ ಕುಡಿ!"

ಡಾಕ್ಟರ ಹುಬ್ಬು ಸ್ವಲ್ಪ ಮೇಲೆ ಹೋಯಿತು. ಆಮೇಲೆ ನಕ್ಕು, "ಚಾಲಾ ಕುಡಿ!" ಎಂದು ತಾವೂ ಹೇಳಿಕೊಂಡು ಸೂಜಿ ತೆಗೆದರು.

ಈಗ ನಿಮಗೆ ಹೇಳಿಬಿಡುತ್ತೇನೆ, ಆಗ ನನಗೆ ಗೊತ್ತಿರಲಿಲ್ಲ. ತೆಲುಗಿನಲ್ಲಿ ಕುಡಿ ಎಂದರೆ ಬಲ. ಅವರು ಕೇಳಿದ್ದು ನೋವು ಬಲಗಡೆಯಾ ಎಂದು. ನಾನು ಕೊಟ್ಟ ಉತ್ತರ, ಬಲಗಡೆ, ಬಹಳ ಬಲಗಡೆ. ಈ ಮೂರು ಭಾಷೆಗಳ ಆಟ ನೋಡಿ. ಎಡಕ್ಕೆ ನಾವು ಎಡ ಎನ್ನುತ್ತೇವೆ, ತಮಿಳರು ಇಡದು ಎನ್ನುತ್ತಾರೆ, ತೆಲುಗರು ಎಡಮ ಎನ್ನುತ್ತಾರೆ. ಮೂರೂ ಒಂದೇ ಮನೆಯ ಮಕ್ಕಳು. ಬಲಕ್ಕೂ ತಮಿಳರ ವಲದು ನಮ್ಮ ಮಾತಿನ ತಂಗಿಯಂತೆಯೇ ಇದೆ. ತೆಲುಗರು ಮಾತ್ರ ಅದೊಂದು ಕಡೆ ತಮ್ಮ ಪಾಡಿಗೆ ತಾವು 'ಕುಡಿ' ಎಂದುಬಿಟ್ಟರು. ಡಾಕ್ಟರು ಮೊದಲು ಎಡಗಡೆ ಹಲ್ಲನ್ನು ತಟ್ಟಿ "ಎಡಮ ಪಕ್ಕನಾ?" ಎಂದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ಅಣ್ಣ ಯಾಕೆ ಸುಮ್ಮನಿದ್ದ ಎಂದು ನೀವು ಕೇಳಬಹುದು. ಬಲಗಡೆ ಸೂಜಿ ಚುಚ್ಚುವಾಗ ಅವನು ಕಣ್ಣು ತೆರೆದು ನನ್ನನ್ನು ನೋಡಿದ್ದು ನಿಜ. ಆದರೆ ಅಜ್ಜಿಯ ನಿಯಮ ನೆನಪಿದೆಯಲ್ಲ? ನೋವು ಎಡಕ್ಕಿದ್ದರೆ ಮದ್ದು ಬಲಕ್ಕೆ. ಮಿಲಿಟರಿ ಡಾಕ್ಟರಿಗೂ ಅಜ್ಜಿಯ ವಿದ್ಯೆ ಗೊತ್ತಿದೆ ಎಂದು ಅವನಿಗೆ ಸಮಾಧಾನವೇ ಆಯಿತಂತೆ. ಹಿಂದಿನಿಂದ ಹೋಗಿ ಹುಳವನ್ನು ಹಿಡಿಯುತ್ತಾರೆ ಎಂದುಕೊಂಡು ಮತ್ತೆ ಕಣ್ಣು ಮುಚ್ಚಿದ. ಇಕ್ಕಳ ಬಂದಾಗ ಬಾಯಿ ಮರದಂತೆ ಮರಗಟ್ಟಿತ್ತು. ಎರಡು ಸಲ ತಿರುವಿ ಒಂದು ಸಲ ಎಳೆದರು. ಹಲ್ಲು ತಟ್ಟೆಯಲ್ಲಿ ಟಣ್ ಎಂದಿತು.

ಅದನ್ನು ಹತ್ತಿಯಲ್ಲಿ ಸುತ್ತಿ ಅಣ್ಣನ ಕೈಗೆ ಕೊಟ್ಟು, ನನ್ನ ತಲೆ ಸವರಿ, ಡಾಕ್ಟರು "ಮಂಚಿ ಪಿಲ್ಲ" ಎಂದರು. ಒಳ್ಳೆಯ ಹುಡುಗಿಯಂತೆ. ನಾನು ಅದನ್ನೂ ಊರಿಗೆ ಬಂದು ಎಲ್ಲರಿಗೂ ಹೇಳಿದೆ.

ಮರಗಟ್ಟಿದ್ದು ಇಳಿದ ಮೇಲೆ ಎರಡು ನೋವು ಒಟ್ಟಿಗೆ ಬಂದವು. ಬಲಗಡೆ ಹಲ್ಲು ಕಿತ್ತ ಹೊಸ ನೋವು, ಎಡಗಡೆ ಹಳೆಯದು ಹಾಗೇ. ಅಣ್ಣ ಎರಡೂ ಕೆನ್ನೆಗಳನ್ನು ಎರಡೂ ಕೈಗಳಲ್ಲಿ ಹಿಡಿದು ಜಗುಲಿಯ ಮೇಲೆ ಕೂತ. ಮನೆಯವರೆಲ್ಲ ಸುತ್ತ ಸೇರಿದೆವು. ಅಜ್ಜಿ ಕಿತ್ತ ಹಲ್ಲನ್ನು ಬಿಸಿಲಿಗೆ ಹಿಡಿದು, ಗುಳಿಯೊಳಗೆ ಕಡ್ಡಿ ಆಡಿಸಿ, ತೀರ್ಪು ಕೊಟ್ಟಳು:

"ಹುಳದ ಮನೆ ಬಲಕ್ಕಿತ್ತು, ಹೊಲ ಎಡಕ್ಕಿತ್ತು. ದಿನಾ ಹೋಗಿ ಅಲ್ಲಿ ಮೇಯ್ಕೊಂಡು ಬತ್ತಿತ್ತು. ಈಗ ಡಾಕ್ಟ್ರು ಮನೆ ಕಿತ್ತಾಕಿದ್ರು. ಅದು ಹೊಲದಾಗೇ ಗುಡ್ಸಲು ಹಾಕ್ಕೊಂಡದೆ."

ಇಷ್ಟು ಒಳ್ಳೆಯ ವಿವರಣೆಯನ್ನು ನಾನು ಆಮೇಲೆ ಯಾವ ಡಾಕ್ಟರ ಬಾಯಲ್ಲೂ ಕೇಳಿಲ್ಲ. ಎಲ್ಲರೂ ತಲೆದೂಗಿದರು. ನಾನೂ ತಲೆದೂಗಿದೆ, ಯಾಕೆಂದರೆ ಆಗ ನನಗೂ ನಿಜ ಗೊತ್ತಿರಲಿಲ್ಲ. ಅಲ್ಲಿಯವರೆಗೆ ನನ್ನದು ತಪ್ಪು ಅಷ್ಟೇ. ಅಪರಾಧ ಶುರುವಾದದ್ದು ಬಳೆ ಶೆಟ್ಟರು ಬಂದ ದಿನ.

ಮೊದಲೆಲ್ಲ ಶೆಟ್ಟರು ನನ್ನಂಥ ಚಿಕ್ಕವರ ಕೈಯನ್ನು ಕೇಳದೆಯೇ ಎಳೆದುಕೊಂಡು ಬಳೆ ತೊಡಿಸುತ್ತಿದ್ದರು. ಆ ಸಲ ನಾನು ದೊಡ್ಡವಳಾಗುತ್ತಿದ್ದೇನೆ ಎಂದು ಅವರಿಗೆ ಕಂಡಿರಬೇಕು. ಎಡಗೈಗೆ ತೊಡಿಸಿ ಮುಗಿಸಿ, ಮರ್ಯಾದೆಯಿಂದ "ಇಪ್ಪುಡು ಕುಡಿ ಚೇಯಿ" ಎಂದರು.

"ಈಗ ಬ್ಯಾಡ ಶೆಟ್ರೇ, ಈಗ್ತಾನೆ ಮಜ್ಜಿಗೆ ಕುಡ್ದೆ" ಎಂದೆ.

ಶೆಟ್ಟರು ಬಳೆಯ ಮಲಾರದ ಮೇಲೆ ಬಗ್ಗಿ ನಕ್ಕರು. ಅಜ್ಜಿ, ಅಮ್ಮನಿಗೆ ಅವರೇ ತಮ್ಮ ಮುರುಕು ಕನ್ನಡದಲ್ಲಿ ಹೇಳಿದರು, ಕುಡಿ ಚೇಯಿ ಎಂದರೆ ಬಲಗೈ. ಅಮ್ಮ ನಕ್ಕಳು, ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕಳು. ಹೊಸೂರಿನ ಕುರ್ಚಿಯ ಪಕ್ಕದಲ್ಲಿ ನಾನು ಆಡಿದ ಮಾತು ಅವರಿಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಅಣ್ಣ ಹೊಲದಲ್ಲಿದ್ದ. ನಾನೂ ನಕ್ಕೆ. ನಗುತ್ತಿರುವಾಗಲೇ ಡಾಕ್ಟರ ಪ್ರಶ್ನೆ ನೆನಪಾಯಿತು. ಕುಡಿ ಪಕ್ಕ. ಬಲಗಡೆ. ಚಾಲಾ ಬಲಗಡೆ.

ಆ ದಿನವೇ ಹೇಳಬೇಕಿತ್ತು. ಹೇಳಲೆಂದೇ ಹೊಲಕ್ಕೆ ಹೋದೆ. ಅಣ್ಣ ಅವರೆ ಸಾಲಿನಲ್ಲಿ ಯಾರೋ ದಾರಿಹೋಕರ ಜೊತೆ ಮಾತಾಡುತ್ತಿದ್ದ. ನನ್ನನ್ನು ನೋಡಿ, "ಇವ್ಳೇ ನೋಡ್ರಿ ನಮ್ ತಂಗಿ. ಡಾಕ್ಟ್ರ ಹತ್ರ ತೆಲುಗಲ್ಲಿ ಪಟಪಟ ಮಾತಾಡ್ಬುಟ್ಳು. ಇವ್ಳಿಲ್ದಿದ್ರೆ ನನ್ ಗತಿ ಏನು!" ಎಂದ. ಎಡಗೆನ್ನೆಯನ್ನು ಒತ್ತಿ ಹಿಡಿದುಕೊಂಡೇ ಹೇಳಿದ. ನಾನು ನನ್ನ ಜೇಬಿನ ಬೆಲ್ಲವನ್ನು ಅವನ ಕೈಗೆ ಕೊಟ್ಟು ವಾಪಸು ಬಂದೆ. ಹಲ್ಲುನೋವಿನವನಿಗೆ ಬೆಲ್ಲ ಕೊಟ್ಟೆ ಎಂಬುದೂ ಆಮೇಲೆಯೇ ಹೊಳೆದದ್ದು.

ಒಂದು ಲಾಭವಾಯಿತು. ಭಯದಿಂದ ನಾನು ನಿಜವಾದ ತೆಲುಗು ಕಲಿತೆ. ಶೆಟ್ಟರು ಬಂದಾಗಲೆಲ್ಲ ಅವರ ಮುಂದೆ ಕೂತು ಒಂದೊಂದು ಮಾತಿಗೂ ಅರ್ಥ ಕೇಳಿದೆ. ಅಪ್ಪ ತರಕಾರಿ ಕೊಳ್ಳುವ ತೆಲುಗರ ಹತ್ತಿರ ನನ್ನನ್ನೇ ಕರೆದುಕೊಂಡು ಹೋಗತೊಡಗಿದರು. ಹೆಸರು ಹೆಚ್ಚಿದಷ್ಟೂ ಆ ಮಾತನ್ನು ಹೇಳುವುದು ಕಷ್ಟವಾಯಿತು.

ಅಷ್ಟರಲ್ಲಿ ಅವರೆ ಮುಗಿದು ಹುರುಳಿಯ ಕಾಲ ಬಂತು. ಅಣ್ಣನ ಎಡಗೆನ್ನೆ ಒಂದು ಬೆಳಿಗ್ಗೆ ಕುಂಬಳಕಾಯಿಯಂತೆ ಊದಿಕೊಂಡಿತು. ಜ್ವರ. ಬಾಯಿ ತೆರೆಯಲು ಆಗದು. ಮುದ್ದೆಯ ಊರಿನಲ್ಲಿ ಮುದ್ದೆಯೂ ಇಳಿಯದ ಸ್ಥಿತಿ. ಕೆಳಗಿನ ಕೇರಿಯ ಬಚ್ಚಪ್ಪ ಹೀಗೇ ಬಿಟ್ಟು ಬಿಟ್ಟು, ದವಡೆಯ ಕೆಳಗೆ ತೂತು ಬಿದ್ದು, ವರ್ಷಗಟ್ಟಲೆ ಕೀವು ಸೋರಿಸಿಕೊಂಡು ಓಡಾಡಿದ್ದನ್ನು ನಾವೆಲ್ಲ ನೋಡಿದ್ದೆವು. ಅಮ್ಮ ಸೆರಗು ಬಾಯಿಗಿಟ್ಟುಕೊಂಡಳು. ಅಪ್ಪ ಗಾಡಿ ಕಟ್ಟಲು ಎದ್ದರು.

ಅಣ್ಣ ಕಂಬ ಹಿಡಿದು ಕೂತ. "ನಾ ಬರಾಕಿಲ್ಲ."

"ಯಾಕ್ಲಾ? ಪ್ರಾಣ ಹೋದ್ರೂ ಬರಾಕಿಲ್ವಾ?" ಎಂದರು ಅಪ್ಪ.

"ಬಲದಾಗ್ ಕಿತ್ರೆ ಎಡಕ್ಕೆ ಬಂತು. ಎಡದಾಗ್ ಕಿತ್ರೆ ಮ್ಯಾಕೋಯ್ತದೆ. ಮ್ಯಾಗ್ಳದ್ನ ಕಿತ್ರೆ ಇನ್ನೆಲ್ಲೋ. ಹಿಂಗೇ ಅಟ್ಟಿಸ್ಕೊಂಡು ಹೋದ್ರೆ ಕೊನೀಗೆ ಹುಳ ಒಂದೇ ಉಳೀತದೆ, ಹಲ್ಲು ಇರಾಕಿಲ್ಲ. ಇರೋ ಕಡೇನೇ ಇರ್ಲಿ ಬಿಡು."

ಬಾಯಿ ತೆರೆಯಲಾಗದೆ ಹಲ್ಲು ಕಚ್ಚಿಕೊಂಡೇ ಇಷ್ಟನ್ನೂ ಹೇಳಿದ. ಅವನ ಲೆಕ್ಕದಲ್ಲಿ ಒಂದು ತಪ್ಪೂ ಇರಲಿಲ್ಲ. ಅದರ ಮೊದಲ ಸಾಲು ಮಾತ್ರ ನನ್ನದು, ಸುಳ್ಳು. ಹುಳ ಎಲ್ಲಿಗೂ ಹೋಗಿಲ್ಲ ಅಣ್ಣಾ, ನಾನು ಬಲಗಡೆ ಎಂದುಬಿಟ್ಟೆ ಎಂದು ಹೇಳಿದ್ದರೆ ಅವನು ಎದ್ದು ಗಾಡಿ ಹತ್ತುತ್ತಿದ್ದ. ಇಷ್ಟು ಸುಲಭವಿತ್ತು. ಎಲ್ಲರೂ ಅಲ್ಲೇ ಇದ್ದರು. ನಾನು ಬಾಯಿ ತೆರೆದೆ. ಹೊರಗೆ ಬಂದದ್ದು ಬೇರೆ.

"ಕೀಳಾಕಿಲ್ಲ ಅಣ್ಣ. ಅವ್ರ ಹತ್ರ ತುಳಿಯೋ ಮಿಷನ್ ಅದೆ. ಅದ್ರಾಗೆ ಕೊರ್ದು, ಒಳ್ಗಿಂದೆಲ್ಲ ತೆಗ್ದು, ಮ್ಯಾಲೆ ಬೆಳ್ಳಿ ಹಾಕಿ ಮುಚ್ತಾರೆ."

ಅಣ್ಣ ಊದಿದ ಮುಖವನ್ನು ನನ್ನ ಕಡೆ ತಿರುಗಿಸಿದ. "ಹುಳಾನ ಒಳಗೇ ಹೂಳ್ತಾರಾ?"

"ಹೂಂ" ಎಂದೆ.

"ಅದು ಸರಿ ಕಣಮ್ಮಿ. ಅದು ನ್ಯಾಯ" ಎಂದು ಅವನೇ ಎದ್ದು ಗಾಡಿ ಹತ್ತಿದ.

ಹೋಗುವವರೆಗೂ ನನಗೆ ಒಂದೇ ಯೋಚನೆ. ಡಾಕ್ಟರು ಕೀಳಲೇಬೇಕು ಎಂದರೆ ಏನು ಗತಿ? ಈ ಸಲ ನನ್ನ ತೆಲುಗು ಗಟ್ಟಿಯಾಗಿತ್ತು. ಬಾಗಿಲಲ್ಲೇ "ಎಡಮ ಪಕ್ಕ, ಎಡಮ ಪಕ್ಕ" ಎಂದು ಕೈ ಮಾಡಿ ತೋರಿಸಿದೆ. ಕೀಳದೆ ಉಳಿಸಿಕೊಡಿ ಎಂದು ಬೇಡಿಕೊಂಡೆ. ಡಾಕ್ಟರು ಕನ್ನಡಿ ಇಟ್ಟು ನೋಡಿದರು, ತಟ್ಟಿದರು, ಅಣ್ಣ ಎಗರಿದ. ಅವರು ಬಲಗಡೆಯ ಕಿಂಡಿಯನ್ನೂ ನೋಡಿದರು. ಆಮೇಲೆ ನನ್ನನ್ನು ನೋಡಿದರು.

"ಅಪ್ಪುಡೂ ಇದೇನಾ, ತಲ್ಲೀ?" ಆಗಲೂ ಇದೇ ಹಲ್ಲೇ ಇತ್ತಾ ತಾಯಿ, ಎಂದು.

ನಾನು ನನ್ನ ಕಾಲಿನ ಹೆಬ್ಬೆರಳನ್ನು ನೋಡಿಕೊಂಡೆ. ಆಮೇಲೆ ಮೆಲ್ಲಗೆ, ಮನೆಯವರು ಹುಳ ಜಾಗ ಬದಲಾಯಿಸಿತು ಎನ್ನುತ್ತಾರೆ, ಎಂದೆ. ಡಾಕ್ಟರು ತಲೆ ಆಡಿಸಿದರು. "ನೋಟ್ಲೋ ಪುರುಗು ಲೇದು ತಲ್ಲೀ" ಎಂದರು. ಬಾಯಲ್ಲಿ ಹುಳವೇ ಇಲ್ಲ ಎಂದು. ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

"ಏನಂತಾವ್ರೆ?" ಎಂದ ಅಣ್ಣ, ಹಲ್ಲು ಕಚ್ಚಿಕೊಂಡೇ.

"ಹುಳ ಸಣ್ದು ಅಂತಾವ್ರೆ" ಎಂದೆ ನಾನು.

ದುಭಾಷಿಗಳನ್ನು ನಂಬಬೇಡಿ ಎಂದು ನಾನು ಈಗಲೂ ಎಲ್ಲರಿಗೂ ಹೇಳುತ್ತಿರುತ್ತೇನೆ.

ಡಾಕ್ಟರು ಮಿಷನ್ನು ತುಳಿದರು. ಗಿರ್ರೆಂದು ಕೊರೆದಾಗ ಒಳಗಿದ್ದ ಕೆಟ್ಟ ಕೀವು ಹೊರಗೆ ಬಂತು, ಕೋಣೆ ನಾರಿತು, ಅಣ್ಣನ ಕಣ್ಣಲ್ಲಿ ನೀರು ಬಂತು. ಸ್ವಲ್ಪ ಹೊತ್ತಿಗೇ ಅವನ ಮುಖ ಸಡಿಲವಾಯಿತು. ಎಷ್ಟೋ ತಿಂಗಳಿನ ಮೇಲೆ ಅಂಥ ಮುಖವನ್ನು ನಾನು ನೋಡಿದ್ದು. ಆಮೇಲೆ ಕೂದಲಿನಷ್ಟು ಸಣ್ಣ ತಂತಿಗಳಿಂದ ಬೇರಿನೊಳಗಿನದನ್ನೆಲ್ಲ ಕೆರೆದು ತೆಗೆದು, ಲವಂಗದ ವಾಸನೆಯ ಮದ್ದು ಅದ್ದಿದ ಹತ್ತಿಯನ್ನು ತುರುಕಿ ಕಳಿಸಿದರು. ಸಂತೆಯ ದಿನಗಳಲ್ಲಿ ಮತ್ತೆ ಮತ್ತೆ ಹೋದೆವು. ಕೊನೆಯ ಸಲ ಬೆಳ್ಳಿಯ ಪುಡಿ, ಪಾದರಸ ಸೇರಿಸಿ ಪುಟ್ಟ ಕಲ್ವದಲ್ಲಿ ಅರೆದು, ಬಟ್ಟೆಯಲ್ಲಿ ಹಿಂಡಿ, ಹಲ್ಲಿನ ಗುಳಿಗೆ ಒತ್ತಿದರು. ಅಣ್ಣ ಕನ್ನಡಿಯಲ್ಲಿ ನೋಡಿಕೊಂಡು ಕೇಳಿದ್ದು ಒಂದೇ, "ಇನ್ನ ಅದು ಆಚೀಗ್ ಬರಾಕಿಲ್ವಲ್ಲ?"

ಅಲ್ಲಿಂದ ಮುಂದೆ ಅಣ್ಣ ನಮ್ಮೂರಿನ ಹಲ್ಲಿನ ಪಂಡಿತನಾದ. ಯಾರಿಗೆ ಹಲ್ಲುನೋವು ಬಂದರೂ ಜಗುಲಿಯ ಮೇಲೆ ಕೂರಿಸಿ ಬಾಯಿ ತೆರೆದು ತೋರಿಸುತ್ತಿದ್ದ. "ಇದು ಹುಳದ ಹಳೇ ಮನೆ. ಇದು ಅದರ ಸಮಾಧಿ. ಬೆಳ್ಳೀದು. ಯಾವ ಪಾಳೇಗಾರನ್ಗೂ ಇಂಥಾದ್ದು ಕಟ್ಟಿಲ್ಲ." ಜನ ಕೈಮುಗಿಯುವುದೊಂದು ಬಾಕಿ. ಹುಣಸೆ ಬೀಜ ಬಿಟ್ಟ. ಅವನಿಗೆ ಬಲಗಡೆ ಅಗಿಯಲು ಆಗದು ಎಂದು ನಾನು ಅವನ ಪಾಲಿನ ಕಡಲೆಯನ್ನು ಒರಳಿನಲ್ಲಿ ಕುಟ್ಟಿ ಬೆಲ್ಲ ಸೇರಿಸಿ ಉಂಡೆ ಕಟ್ಟಿ ಕೊಡುತ್ತಿದ್ದೆ. "ನನ್ ತಂಗಿಗೆ ನನ್ನ ಮ್ಯಾಲೆ ಎಷ್ಟ್ ಪ್ರೀತಿ!" ಎನ್ನುತ್ತಿದ್ದ. ಪ್ರೀತಿ ಇತ್ತು. ಪ್ರೀತಿಯ ಜೊತೆ ಇನ್ನೊಂದೂ ಇತ್ತು, ಅದನ್ನೂ ಅದೇ ಒರಳಿನಲ್ಲಿ ಕುಟ್ಟುತ್ತಿದ್ದೆ.

ಆಮೇಲೆ ಕೃಷ್ಣಗಿರಿಯ ಮಾವಿನ ತೋಟದ ಮನೆಯವರು ನನ್ನನ್ನು ನೋಡಿ ಒಪ್ಪಿದರು. ಮದುವೆಯ ಹಿಂದಿನ ದಿನ ಬಳೆ ಶಾಸ್ತ್ರ. ಹಸಿರು ಗಾಜಿನ ಬಳೆ ತೊಡಿಸಲು ಅಣ್ಣನೇ ಹೋಗಿ ಬಳೆ ಶೆಟ್ಟರನ್ನು ಗಾಡಿಯಲ್ಲಿ ಕರೆತಂದ. ಅಂಗಳದ ತುಂಬ ಹೆಂಗಸರು, ನಡುವೆ ಚಾಪೆಯ ಮೇಲೆ ನಾನು. ಶೆಟ್ಟರ ಮೀಸೆ ಆಗಲೇ ಬೆಳ್ಳಗಾಗಿತ್ತು. ನನ್ನ ಎಡಗೈ ಮುಗಿಸಿ ತಲೆಯೆತ್ತಿ, ಕಣ್ಣು ಮಿಟುಕಿಸಿ ಕೇಳಿದರು:

"ಏಮಮ್ಮಾ ರತ್ನಮ್ಮಾ, ಕುಡಿ ಚೇಯಿ ಇಸ್ತಾವಾ? ಇಲ್ಲಾ ಈಗ್ಲೂ ಮಜ್ಜಿಗೆ ಕುಡ್ದು ಬಂದಿದ್ದೀಯಾ?"

ಗೊತ್ತಿದ್ದ ಅಮ್ಮ, ಅಜ್ಜಿ ನಕ್ಕರು. ಗೊತ್ತಿಲ್ಲದವರಿಗೆ ಶೆಟ್ಟರು ಕಥೆ ಹೇಳಿದರು. ಕುಡಿ ಚೇಯಿ ಕೊಡು ಎಂದರೆ ಈ ಹುಡುಗಿ ಮಜ್ಜಿಗೆ ಕುಡಿದೆ ಎಂದಿತ್ತು, ಎಂದು. ಅಂಗಳವೇ ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಕಂಬಕ್ಕೆ ಒರಗಿ ನಿಂತಿದ್ದ ಅಣ್ಣ. ಬಾಯಿ ತುಂಬ ತೆರೆದಿತ್ತು, ಒಂದು ಕಡೆ ಕಿಂಡಿ, ಇನ್ನೊಂದು ಕಡೆ ಬೆಳ್ಳಿ.

"ಅಂಗಾರೆ ಕುಡಿ ಅಂದ್ರೆ ಬಲ ಅಂತಲಾ ಶೆಟ್ರೇ?" ಎಂದ ನಗುತ್ತಲೇ.

"ಹೌದಪ್ಪಾ. ಬಲಗೈ ಕುಡಿ ಚೇಯಿ, ಬಲಗಾಲು ಕುಡಿ ಕಾಲು, ಬಲಗಡೆ ಕುಡಿ ಪಕ್ಕ."

ಅಣ್ಣನ ನಗು ನಿಲ್ಲಲಿಲ್ಲ, ಸಣ್ಣದಾಗುತ್ತ ಬಂತು. ಬಾಯಿ ಮುಚ್ಚಿಕೊಂಡ. ಅವನ ನಾಲಿಗೆ ಬಲಗೆನ್ನೆಯ ಒಳಗೆ ಹೋಗಿ ಆ ಕಿಂಡಿಯನ್ನು ಮೆಲ್ಲಗೆ ತಡವುತ್ತಿರುವುದು ನನಗೆ ಹೊರಗಿನಿಂದಲೇ ಕಾಣುತ್ತಿತ್ತು.

"ಚಾಲಾ ಕುಡಿ" ಎಂದು ಅವನು ತನ್ನಷ್ಟಕ್ಕೆ ಹೇಳಿಕೊಂಡ. ಆಮೇಲೆ ನನ್ನನ್ನು ನೋಡಿದ.

ನನ್ನ ಬಲಗೈ ಶೆಟ್ಟರ ಹಿಡಿತದಲ್ಲಿತ್ತು, ಅರ್ಧ ಬಳೆ ಏರಿತ್ತು. ಎದ್ದು ಓಡುವಂತಿರಲಿಲ್ಲ. ಓಡಲೂ ಬೇಕೆನಿಸಲಿಲ್ಲ. ಅಷ್ಟು ಜನರ ಮುಂದೆ, ಹಸಿರು ಬಳೆಯ ಕೈ ಚಾಚಿಕೊಂಡೇ ಹೇಳಿದೆ:

"ಅಣ್ಣಾ, ಹುಳ ಎಲ್ಲೂ ಓಡೋಗಿರ್ಲಿಲ್ಲ. ಡಾಕ್ಟ್ರು ಬಲಗಡೆಯಾ ಅಂತ ಕೇಳಿದ್ರು, ನಾನು ನೀ ಅಂಬ್ಲಿ ಕುಡ್ದಿದ್ದೀಯ ಅಂದೆ. ಗೊತ್ತಾದ್ಮ್ಯಾಕೂ ಬಾಯ್ಮುಚ್ಕೊಂಡಿದ್ದೆ, ನೀ ನೋವು ತಿಂತಿದ್ರೂ ಹೇಳ್ಲಿಲ್ಲ. ತಪ್ಪಾಯ್ತು ಕಣಣ್ಣ. ಕಿತ್ತ ಹಲ್ಲಿಗೂ ತಪ್ಪಾಯ್ತು, ಸುಮ್ಕಿದ್ದಿದ್ದಕ್ಕೂ ತಪ್ಪಾಯ್ತು."